ಪಿಕ್ ಅಪ್ ಒಂದೇ, ಎತ್ತುವುದು ಮಾತ್ರ ಬೇರೆ ಬೇರೆ

ಊರಿಂದ ಮತ್ಸ್ಯಗಂಧ ರೈಲಿನಲ್ಲಿ ಮುಂಬೈ ಕಡೆಗೆ ಬಂದ ತಂಗಿ ಮಗಳನ್ನು ಠಾಣೆ ಸ್ಟೇಷನ್ನಿಂದ ಕರೆದುಕೊಂಡು ಬಂದು, ಡೊಂಬಿವಲಿಯ ಮನೆಯಲ್ಲಿ ಬಿಟ್ಟು, ಮತ್ತೆ ಲೋಕಲ್ ಹಿಡಿದು ಆಫೀಸು ಸೇರುವಾಗ ಲೇಟಾಗಿತ್ತು. ಯಾಕೆ ಅಂತ ಸಾಹೇಬರು ಕೇಳಿದರು. 'ಐ ಪಿಕ್ಡ್ ಅಪ್ ಎ ಗರ್ಲ್ ಎಟ್ ಠಾಣೆ' ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿಯನ್ನು ಪಟಾಯಿಸಿದೆ ಅಂತಲೂ ಅದಕ್ಕೆ ಅರ್ಥವಂತೆ! 'ಮೈ ನೀಸ್' ಅಂದಿದ್ದರೆ ಮುಗಿದಿತ್ತು.

ಹಾಗಂತ 'ಪಿಕ್ ಅಪ್'ನ ಹತ್ತು ಅರ್ಥಗಳ ಪಟ್ಟಿ ಉರು ಹೊಡೆಯಬೇಡಿ. ಮೊದಲು, ಎತ್ತುತ್ತಿರುವುದು ಏನನ್ನು ಅಂತ ನೋಡಿ. ನಮ್ಮ 'ಎತ್ತು' ಕೂಡ ಹಾಗೇ ಅಲ್ವಾ? ಸಾಲ ಎತ್ತುತ್ತೇವೆ, ಮಾತೆತ್ತುತ್ತೇವೆ, ಆಗದಿದ್ದಾಗ ಕೈ ಎತ್ತುತ್ತೇವೆ. ಫೋನ್ ಪಿಕ್ ಅಪ್ ಮಾಡು ಅಂದರೆ ಇಲ್ಲಿನ ಮರಾಠಿಯವರ 'ಫೋನ್ ಉಚಲ್', ಅಷ್ಟೇ. ಪೊಲೀಸರು ಯಾರನ್ನೋ ಪಿಕ್ ಅಪ್ ಮಾಡಿದರೆ ಎತ್ತಾಕಿಕೊಂಡು ಹೋದರು ಅಂತ. ಹೋಟೆಲಲ್ಲಿ ಬಿಲ್ಲನ್ನು ಪಿಕ್ ಅಪ್ ಮಾಡಿದವರು ದುಡ್ಡು ಕೊಟ್ಟವರು, ಸುಮ್ನೆ ಕೈಗೆತ್ತಿಕೊಂಡು ನೋಡಿದವರಲ್ಲ. ನೆಗಡಿಯಾದರೆ ಅಂಟಿಸಿಕೊಂಡರು.

ನನಗೆ ಜಾಸ್ತಿ ಇಷ್ಟವಾದದ್ದು ಭಾಷೆಯ ಅರ್ಥ. ನಮ್ಮ ಬಿಲ್ಡಿಂಗಿನ ಕನ್ನಡದ ಮಕ್ಕಳು ಕೆಳಗೆ ಕ್ರಿಕೆಟ್ ಆಡುತ್ತಾ, ಔಟೋ ಅಲ್ಲವೋ ಅಂತ ಜಗಳವಾಡುತ್ತಾ ಮರಾಠಿ ಕಲಿತುಬಿಟ್ಟರು. 'ದೇ ಪಿಕ್ಡ್ ಅಪ್ ಮರಾಠಿ'. ಕ್ಲಾಸಿಗೆ ಸೇರಿ, ವ್ಯಾಕರಣ ಓದಿ ಕಲಿತದ್ದಕ್ಕೆ ಈ ಮಾತು ಹೊಂದುವುದಿಲ್ಲ, ಕಿವಿಗೆ ಬಿದ್ದು ಬಿದ್ದು ಬಂದದ್ದಕ್ಕೇ ಇದು.

ವಾಕ್ಯದಲ್ಲಿ ಎತ್ತುತ್ತಿರುವುದು ಏನನ್ನು ಅಂತ ಹುಡುಕಿದರೂ ಸಿಗಲಿಲ್ಲವೇ? ಆಗ ಸಾಮಾನ್ಯವಾಗಿ ಏನೋ ಹೆಚ್ಚುತ್ತಿದೆ ಅಥವಾ ಸುಧಾರಿಸುತ್ತಿದೆ ಅಂತ. 'ಬಿಸಿನೆಸ್ ಈಸ್ ಪಿಕಿಂಗ್ ಅಪ್' ಅಂದರೆ ವ್ಯಾಪಾರ ಕುದುರುತ್ತಿದೆ. ಗಾಳಿಯಾದರೆ ಜೋರಾಗುತ್ತಿದೆ. ಆದರೆ 'ಹಿ ಡಿಡಂಟ್ ಪಿಕ್ ಅಪ್' ಅಂದರೆ ಫೋನಿನ ಸುದ್ದಿಯೇ.

ಇನ್ನು ನಾವೆಲ್ಲ ಎಡವುವ ಜಾಗ. ಹೆಸರು ಹೇಳುವಾಗ 'ಪಿಕ್ ಅಪ್ ದ ಬ್ಯಾಗ್', 'ಪಿಕ್ ದ ಬ್ಯಾಗ್ ಅಪ್' ಎರಡೂ ಸರಿ. ಇಟ್, ಮಿ, ಹರ್, ದೆಮ್ ಬಂದರೆ ಮಾತ್ರ ಮಧ್ಯದಲ್ಲೇ ಕೂರಿಸಬೇಕು. 'ಪಿಕ್ ಇಟ್ ಅಪ್' ಸರಿ, 'ಪಿಕ್ ಅಪ್ ಇಟ್' ತಪ್ಪು. ಆವತ್ತು ಸಂಜೆ ತಂಗಿ ಮಗಳು ಮಾರ್ಕೆಟ್ಟಿಂದ ಮೆಸೇಜ್ ಹಾಕಿದ್ದಳು: 'ಮಾಮ, ಪಿಕ್ ಮಿ ಅಪ್'. 'ಮಿ' ಸರಿಯಾದ ಜಾಗದಲ್ಲೇ ಇತ್ತು.

ಕೊನೆಗೆ ಉಚ್ಚಾರ. ಸಾಮಾನು ಸಾಗಿಸುವ ಪಿಕಪ್ ಗಾಡಿಯಾದರೆ ಒತ್ತು 'ಪಿಕ್' ಮೇಲೆ. ಎತ್ತುವ ಕೆಲಸವಾದರೆ 'ಅಪ್' ಮೇಲೆ. ಜೋರಾಗಿ ಎರಡು ಸಲ ಹೇಳಿ ನೋಡಿ, ಲೋಕಲಿನಲ್ಲಿ ಬೇಡ.