ತಾಲೀಮನ್ನೇ ಮೊದಲು ಶೂಟ್ ಮಾಡಿದೆ

‘ತಾಲೀಮು ಜಾಸ್ತಿ ಆದ್ರೆ ಸಿನಿಮಾ ಸಾಯುತ್ತೆ’ ಅಂತ ನನಗೆ ಹೇಳಿದವರು ಕಡಿಮೆ ಅಂದರೂ ಹತ್ತು ಜನ. ನಮ್ಮ ಕ್ಯಾಮೆರಾಮನ್ ಕೂಡ ಅದರಲ್ಲೊಬ್ಬರು. ಈಗ ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಹದಿನೇಳು ಊರಲ್ಲಿ ತೋರಿಸಿಯೂ ಆಯಿತು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ಬೆಂಗಳೂರಿನ ಸಂಸ ಬಯಲು ರಂಗಮಂದಿರದಲ್ಲಿ ಕೊನೆಯ ಮೆಟ್ಟಿಲಿಗೆ ಮಾತು ಮುಟ್ಟಿಸಿ ಪಳಗಿದ ಗಂಟಲು. ಆ ಗಂಟಲೇ ಮೊದಲು ಕೈಕೊಟ್ಟಿತು. ಎಂಟು ವರ್ಷದ ಹಿಂದೆ ಒಂದು ಕಿರುಚಿತ್ರ ಮಾಡಿದೆ. ಸ್ಪಾಟ್‌ನಲ್ಲಿ ಸೌಂಡ್ ಕೆಟ್ಟಿತು, ಡಬ್ಬಿಂಗ್ ಮಾಡೋಣ ಅಂದರು. ದಿನಕ್ಕೊಂದು ರೀತಿ ಮಾತಾಡುವ ನಾಟಕದವರು ತುಟಿಗೆ ಮಾತು ಕೂರಿಸುವುದು ಹೇಗೆ? ನನ್ನ ಬಾಯಿಗೆ ನನ್ನ ದನಿಯೇ ಕೂರಲಿಲ್ಲ. ಸುಮಾರು ಎರಡೂವರೆ ಲಕ್ಷ ಹೋಯಿತು. ನೋಡಿದವರು ನಲವತ್ತು ಜನ, ಅವರಲ್ಲಿ ಅರ್ಧ ನೆಂಟರು.

ಆಮೇಲೆ ಈ ಸಿನಿಮಾದ ಚಿತ್ರಕಥೆ. ಮೊದಲ ಡ್ರಾಫ್ಟ್ 130 ಪುಟ ದಾಟಿತ್ತು. ಒಬ್ಬ ನಿರ್ಮಾಪಕರು ನಾಲ್ಕು ಪುಟ ತಿರುವಿ, ‘ಇದು ರೇಡಿಯೋ ನಾಟಕ’ ಅಂದರು. ಕೋಪ ಬಂತು. ಆದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸ್ಟೇಜ್ ಮೇಲೆ ಮಳೆ ಬಂತು ಅಂತ ಪಾತ್ರ ಹೇಳಲೇಬೇಕು. ಕ್ಯಾಮೆರಾ ಮುಂದೆ ಒದ್ದೆ ಚಪ್ಪಲಿ ಸಾಕು. ‘ಕಾರ್ನಾಡರು ಸಂಸ್ಕಾರಕ್ಕೆ ಚಿತ್ರಕಥೆ ಬರೆದು ಅದರಲ್ಲೇ ನಟಿಸಲಿಲ್ವಾ, ಸಾರ್? 1970ರಲ್ಲೇ?’ ಅಂದೆ. ‘ಅವರು ಕಾರ್ನಾಡರು. ನೀವು?’ ಅಂದರು. ಬಾಯಿ ಮುಚ್ಚಿಕೊಂಡು ಬಂದೆ.

ಬೌಂಡ್ ಸ್ಕ್ರಿಪ್ಟ್, ಅಂದರೆ ಶೂಟಿಂಗ್‌ಗೆ ಅಂತ ಬರೆದು ಮುಗಿಸಿದ ಪ್ರತಿ, ಬದಿಗಿಟ್ಟು ಏಳು ನಟರನ್ನು ಒಂದು ಶಾಲೆಯ ಹಾಲ್‌ಗೆ ಕರೆದೆ. ಸಂಜೆ ಆರರಿಂದ ಒಂಬತ್ತು, ಹೆಚ್ಚು ಕಡಿಮೆ ನಲವತ್ತೈದು ದಿನ. ದೃಶ್ಯವನ್ನು ಮೊದಲು ಪೂರ್ತಿ ಮಾತಿನೊಂದಿಗೆ ಆಡುವುದು, ಮರುದಿನ ಯಾವ ಮಾತಿಲ್ಲದೆಯೂ ನಡೆಯುತ್ತದೋ ಅದನ್ನು ಹೊಡೆದುಹಾಕುವುದು. ಹಾಗೆ ಸ್ಕ್ರಿಪ್ಟ್ ಎಂಬತ್ತು ಚಿಲ್ಲರೆ ಪುಟಕ್ಕಿಳಿಯಿತು.

ಮುಖ್ಯವಾದದ್ದು ಇದಲ್ಲ. ಪ್ರತಿ ದೃಶ್ಯದ ತಾಲೀಮನ್ನೂ ಮೊಬೈಲಲ್ಲಿ ಶೂಟ್ ಮಾಡಿ, ಲ್ಯಾಪ್‌ಟಾಪಲ್ಲಿ ಜೋಡಿಸಿ, ಎರಡು ಗಂಟೆಯ ಒಂದು ಕಳ್ಳ ಸಿನಿಮಾ ಮಾಡಿಕೊಂಡೆ. ಪ್ಲಾಸ್ಟಿಕ್ ಕುರ್ಚಿಯೇ ಬಾವಿಕಟ್ಟೆ, ಬ್ಲ್ಯಾಕ್‌ಬೋರ್ಡೇ ದೇವರ ಕೋಣೆ. ನೋಡಿದರೆ ಇಂಟರ್ವೆಲ್ ಆದಮೇಲೆ ಇಪ್ಪತ್ತು ನಿಮಿಷ ಶುದ್ಧ ಬೋರು. ಅಷ್ಟನ್ನೂ ಅಲ್ಲೇ ಕತ್ತರಿಸಿದೆ. ಅದೇ ಇಪ್ಪತ್ತು ನಿಮಿಷವನ್ನು ಯೂನಿಟ್, ಬಾಟಾ (ದಿನಭತ್ಯೆ), ಜನರೇಟರ್ ಕಟ್ಟಿಕೊಂಡು ತೆಗೆದಿದ್ದರೆ ನಾಲ್ಕೈದು ಲಕ್ಷ ನೀರಿಗೆ.

ಕ್ಯಾಮೆರಾಮನ್ ಹೇಳಿದ ಭಯ ಸುಳ್ಳಲ್ಲ. ಐದನೇ ವಾರ ಎಲ್ಲರೂ ಗಿಳಿಪಾಠ ಒಪ್ಪಿಸತೊಡಗಿದರು. ಆಗ ಸ್ಕ್ರಿಪ್ಟಲ್ಲಿರುವ ದೃಶ್ಯ ಆಡಿಸುವುದನ್ನೇ ನಿಲ್ಲಿಸಿದೆ. ಆ ದೃಶ್ಯಕ್ಕೆ ಐದು ನಿಮಿಷ ಮುಂಚೆ ಏನಾಯಿತು, ಅದನ್ನು ಮಾತ್ರ ಆಡಿಸಿದೆ. ಜೀವ ವಾಪಸ್ ಬಂತು. ದನಿ ಇಳಿಸಲಿಕ್ಕೂ ಒಂದು ಆಟ ಕಟ್ಟಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಸಿನಿಮಾಕ್ಕೆ ಬೇಕು.

ಶೂಟಿಂಗ್ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳೇ ಮನೆಯಲ್ಲಿ, ಪೂರ್ತಿ ಸಿಂಕ್ ಸೌಂಡ್, ಅಂದರೆ ಮಾತೆಲ್ಲ ಸ್ಪಾಟ್‌ನಲ್ಲೇ ರೆಕಾರ್ಡ್. ಮಳೆಯ ಸದ್ದು ಬೇಡ ಅಂತ ಜನವರಿ ಹಿಡಿದೆ. ಅಡಿಕೆ ಕೊಯ್ಲಿನ ಕಾಲ ಅಂತ ಹೊಳೆಯಲೇ ಇಲ್ಲ! ಪಕ್ಕದ ಮನೆಯಲ್ಲಿ ಬೆಳಗಿಂದ ಅಡಿಕೆ ಸುಲಿಯುವ ಮಷಿನ್. ‘ಎಂತ ಮಾಡದು, ಕೆಲಸ ನಿಲ್ಲಿಸಕ್ಕೆ ಆಗ್ತದಾ?’ ಅಂದರು ಯಜಮಾನರು. ನ್ಯಾಯವೇ. ಮಾತಿನ ದೃಶ್ಯಗಳನ್ನೆಲ್ಲ ಸಂಜೆಗೂ ಬೆಳಗಿನ ಜಾವಕ್ಕೂ ದೂಡಿದೆವು. ಅಷ್ಟಾದರೂ 28 ದಿನದ ಪ್ಲಾನ್ 13 ದಿನಕ್ಕೆ ಮುಗಿಯಿತು. ಹೆಚ್ಚಿನ ಶಾಟ್ ಎರಡು, ಮೂರು ಟೇಕ್‌ಗೆ ಓಕೆ. ಹತ್ತನೇ ದಿನ ಕ್ಯಾಮೆರಾಮನ್ ಮುಂದಿನ ಸಿನಿಮಾಕ್ಕೂ ಹೀಗೇ ಮಾಡೋಣ ಅಂದರು. ನಾನು ಏನೂ ಹೇಳಲಿಲ್ಲ, ಇನ್ನೊಂದು ಟೀ ತರಿಸಿದೆ.

ಒಟ್ಟು ಖರ್ಚು ಮೂವತ್ತೆಂಟು ಲಕ್ಷದ ಆಸುಪಾಸು. ಮಲ್ಟಿಪ್ಲೆಕ್ಸಲ್ಲಿ ಬೆಳಗಿನ ಹತ್ತರ ಶೋ ಸಿಕ್ಕಿತು. ಐದನೇ ದಿನ ಎತ್ತಿದರು. ಕೈಗೆ ಬಂದದ್ದು ಪೋಸ್ಟರ್ ಖರ್ಚಿಗೂ ಸಾಲಲಿಲ್ಲ. ಆಮೇಲೆ ನೀನಾಸಂ ತಿರುಗಾಟ ನೆನಪಾಯಿತು. 1985ರಿಂದ ನಾಟಕ ಹೊತ್ತು ಊರೂರು ಸುತ್ತುವವರಿದ್ದಾರೆ, ಸಿನಿಮಾ ಹೊತ್ತು ಯಾಕೆ ಸುತ್ತಬಾರದು? ಊರಿನ ರಂಗತಂಡವೇ ಟಿಕೆಟ್ ಮಾರುವುದು, ನೂರೈವತ್ತು ರೂಪಾಯಿ, ಅವರಿಗೆ ಮೂರರಲ್ಲೊಂದು ಪಾಲು. ಪ್ರೊಜೆಕ್ಟರ್ ನಮ್ಮದು. ಮುಗಿದ ಮೇಲೆ ನಟರೊಂದಿಗೆ ಮಾತುಕತೆ.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಒಂದು ಹಾಡಿನ ದನಿ ತೆಗೆದು, ಅದೇ ನಟಿಯಿಂದ ಪರದೆಯ ಪಕ್ಕ ನಿಂತು ಹಾಡಿಸಿದೆ. ಎರಡು ಊರಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮೂರನೇ ಊರಲ್ಲಿ ಆಕೆ ನಾಲ್ಕು ಸೆಕೆಂಡ್ ಹಿಂದೆ ಬಿದ್ದಳು. ಪರದೆಯ ಮೇಲೆ ಬಾಯಿ ಮುಚ್ಚಿದೆ, ಹಾಡು ನಡೆಯುತ್ತಿದೆ. ಜನ ಬಿದ್ದು ಬಿದ್ದು ನಕ್ಕರು. ಅದು ಸಾವಿನ ಮನೆಯ ದೃಶ್ಯ.

ಸಾಲ ಇನ್ನೂ ಐದು ಲಕ್ಷದಷ್ಟು ಉಳಿದಿದೆ. ಮುಂದಿನ ತಿಂಗಳು ಇನ್ನು ಆರು ಊರಿಗೆ ಹೊರಟಿದ್ದೇವೆ. ಹಾಡಿನ ದನಿ ವಾಪಸ್ ಹಾಕಿದ್ದೇನೆ.