ಸೊಂಟನೋವಿಗೆ ಬಂದವರನ್ನು ಕಣ್ಣು ಮುಚ್ಚಿಸಿ ನಿಲ್ಲಿಸತೊಡಗಿದ್ದು

ಸಾಗರದ ಸುತ್ತಲಿನ ಹಳ್ಳಿಗಳಲ್ಲಿ ಅಡಿಕೆ ಸುಗ್ಗಿ ಮುಗಿಯುತ್ತ ಬಂದಂತೆ ನನ್ನ ಫಿಸಿಯೋಥೆರಪಿ ಕೊಠಡಿಗೆ ಸೊಂಟನೋವಿನ ಹೆಂಗಸರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಮೆಟ್ಟುಗತ್ತಿಯ ಮುಂದೆ ಬೆನ್ನು ಬಾಗಿಸಿ ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿ ಬಹಳ ಹೊತ್ತಿನವರೆಗೂ, ಅಡಿಕೆ ಸುಲಿದವರು ಅವರು. ಮೊದಲ ಕೆಲವು ವರ್ಷ ನಾನು ಅವರನ್ನು ನೋವಿನ ಬಗ್ಗೆ ಮಾತ್ರ ಕೇಳುತ್ತಿದ್ದೆ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಎಂಟರಿಂದ ಎರಡಕ್ಕೆ ಇಳಿದರೆ ಚಿಕಿತ್ಸೆ ಮುಗಿಯಿತೆಂದು ಬರೆದು ಕಳುಹಿಸುತ್ತಿದ್ದೆ.

ಹಾಗೆ ಕಳುಹಿಸಿದವರಲ್ಲಿ ಐವತ್ತು ದಾಟಿದ ಒಬ್ಬರು ಎರಡು ತಿಂಗಳಲ್ಲಿ ಮಣಿಕಟ್ಟು ಮುರಿದುಕೊಂಡು ಮರಳಿದರು. "ಸೊಂಟ ಆರಾಮಿದೆ ಮೇಡಂ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೆ, ಅಷ್ಟರಲ್ಲೇ ವಾಲಿಬಿಟ್ಟೆ" ಎಂದರು. ಕಾಲು ಜಾರಿರಲಿಲ್ಲ, ತಲೆಯೂ ಸುತ್ತಿರಲಿಲ್ಲ. ವಿಚಾರಿಸಿದಾಗ, ಒಂದು ಪಾದದ ಮೇಲೆ ಇನ್ನೊಂದನ್ನು ಉಜ್ಜಿ ಕಾಲು ತೊಳೆಯಲು ವರ್ಷದಿಂದಲೂ ಗೋಡೆ ಹಿಡಿಯುತ್ತಿದ್ದರೆಂದು ತಿಳಿಯಿತು. ವಯಸ್ಸಾಯಿತು ಎಂದುಕೊಂಡು ಅವರು ಹೇಳಿರಲಿಲ್ಲ. ನಾನಂತೂ ಕೇಳಿರಲೇ ಇಲ್ಲ.

ನಿಂತಿರುವಾಗ ನಮ್ಮ ಮೆದುಳಿಗೆ ಕಣ್ಣು, ಒಳಕಿವಿ, ಸ್ನಾಯು ಮತ್ತು ಕೀಲುಗಳಿಂದ ದೇಹದ ಸ್ಥಿತಿಯ ಸುದ್ದಿ ತಲುಪುತ್ತಿರುತ್ತದೆ. ಬೆನ್ನುಮೂಳೆಯ ಮಣಿಗಳಿಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಎಂಬ ಸ್ನಾಯು ಅಂಥ ಸುದ್ದಿ ಕಳಿಸುವುದರಲ್ಲಿ ಮುಖ್ಯವಾದದ್ದು. ಸೊಂಟನೋವಿನಲ್ಲಿ ಅದು ಬಡವಾಗುತ್ತದೆ, ಆಗ ದೇಹ ಕಣ್ಣನ್ನೂ ಕಣಕಾಲನ್ನೂ ಹೆಚ್ಚು ನೆಚ್ಚಿಕೊಳ್ಳುತ್ತದೆ. ಮೊದಲ ಬಾರಿ ಸೊಂಟ ಹಿಡಿದವರಲ್ಲಿ ನೋವು ಹೋದ ಮೇಲೂ ಈ ಸ್ನಾಯು ತಾನಾಗಿ ಮೊದಲಿನಂತೆ ಆಗುವುದಿಲ್ಲ ಎಂಬುದನ್ನು ಆಸ್ಟ್ರೇಲಿಯಾದ ಜೂಲಿ ಹೈಡ್ಸ್ ಮತ್ತು ಸಂಗಡಿಗರು 1996ರಲ್ಲೇ ಅಲ್ಟ್ರಾಸೌಂಡ್‌ನಲ್ಲಿ ಅಳೆದು ತೋರಿಸಿದ್ದರು. ನಾನದನ್ನು ಓದಿದ್ದೆ, ಆದರೆ ಬಚ್ಚಲುಮನೆಗೆ ಹೊಂದಿಸಿ ನೋಡಿರಲಿಲ್ಲ.

ಈಗ ಮೊದಲ ದಿನವೇ ಬರಿಗಾಲಿನಲ್ಲಿ ಪಾದ ಜೋಡಿಸಿ ನಿಲ್ಲಿಸುತ್ತೇನೆ: ಕಣ್ಣು ತೆರೆದು 30 ಸೆಕೆಂಡು, ಮುಚ್ಚಿ 30 ಸೆಕೆಂಡು, ಆಮೇಲೆ ಒಂಟಿಕಾಲಿನಲ್ಲಿ. ಬಿದ್ದರೆ ಹಿಡಿಯುವಂತೆ ಪಕ್ಕದಲ್ಲೇ ಇರುತ್ತೇನೆ. ಗಡಿಯಾರಕ್ಕಿಂತ ಹೆಚ್ಚಾಗಿ ನಾನು ನೋಡುವುದು ಪಾದಗಳನ್ನು. ಕಣ್ಣು ಮುಚ್ಚಿದೊಡನೆ ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಕಾಲುಂಗುರ ನೆಲಕ್ಕೆ ತಾಗಿ ಸಣ್ಣಗೆ ಸದ್ದಾಗುತ್ತದೆ, ಉಸಿರು ನಿಲ್ಲುತ್ತದೆ, ಸೊಂಟದಿಂದ ಮೇಲಿನ ದೇಹ ಕಂಬದಂತೆ ಬಿಗಿದು ಇಡೀ ತೂಗಾಟ ಕಣಕಾಲಿನಲ್ಲೇ ನಡೆಯುತ್ತದೆ.

ತೂಗಾಡುವವರಿಗೆಲ್ಲ ಬೆನ್ನೇ ಕಾರಣವಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ನರ ಸೋತಿರಬಹುದು, ಬಿ12 ಕೊರತೆ ಇರಬಹುದು. ಆದ್ದರಿಂದ ಕಾಲಿನ ಹೆಬ್ಬೆರಳಿಗೆ 128 ಹರ್ಟ್ಜ್‌ನ ಶ್ರುತಿಕವೆ (ತಟ್ಟಿದರೆ ಕಂಪಿಸುವ ಟ್ಯೂನಿಂಗ್ ಫೋರ್ಕ್) ಇಟ್ಟು ಕಂಪನ ತಿಳಿಯುತ್ತದೆಯೇ ಎಂದು ಕೇಳುತ್ತೇನೆ, ತಿಳಿಯದಿದ್ದರೆ ವೈದ್ಯರಲ್ಲಿಗೆ ಕಳಿಸುತ್ತೇನೆ. ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿದ್ದರೆ ಅಥವಾ ತೊಡೆಸಂದಿಯಲ್ಲಿ ಮರಗಟ್ಟಿದ್ದರೆ ವ್ಯಾಯಾಮದ ಮಾತೇ ಇಲ್ಲ, ಆ ಕ್ಷಣವೇ ಆಸ್ಪತ್ರೆ.

ಮಣಿಕಟ್ಟು ಕೂಡಿದ ಮೇಲೆ ಆ ಹೆಂಗಸಿಗೆ ಅಂಗೈ ಮತ್ತು ಮೊಣಕಾಲೂರಿ, ಎದುರುಬದುರಿನ ಒಂದು ಕೈ ಒಂದು ಕಾಲನ್ನು ಚಾಚಿ ಹಿಡಿಯುವುದನ್ನು ಕಲಿಸಿದೆ. ಉಳಿದದ್ದನ್ನು ಅಡುಗೆಮನೆಗೆ ಒಪ್ಪಿಸಿದೆ: ಹಾಲು ಉಕ್ಕುವವರೆಗೆ ಅಡುಗೆಕಟ್ಟೆಗೆ ಎರಡೇ ಬೆರಳು ತಾಗಿಸಿ ಒಂಟಿಕಾಲಿನಲ್ಲಿ ನಿಲ್ಲುವುದು, ಎರಡು ವಾರದ ನಂತರ ಬೆರಳನ್ನೂ ತೆಗೆಯುವುದು. ಕಣ್ಣು ಮುಚ್ಚುವ ಅಭ್ಯಾಸವನ್ನು ಒಲೆಯಿಂದ ದೂರ, ಗೋಡೆಯ ಮೂಲೆಯಲ್ಲಿ ಬೆನ್ನು ಕೊಟ್ಟು, ಎದುರಿಗೆ ಕುರ್ಚಿ ಇಟ್ಟುಕೊಂಡು, ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಮಾತ್ರ ಮಾಡಬೇಕೆಂದು ಕಟ್ಟುನಿಟ್ಟಾಗಿ ಹೇಳಿದೆ. ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಏಳಬೇಕೆಂದದ್ದು ಮಾತ್ರ ನಡೆಯಲಿಲ್ಲ. ಸುಲಿದಷ್ಟಕ್ಕೆ ಕೂಲಿ ಸಿಗುವವರಿಗೆ ಈ ಸಲಹೆ ಎಷ್ಟು ದುಬಾರಿ ಎಂಬುದು ನನಗೆ ಅರ್ಥವಾಗುತ್ತದೆ.

ಒಂಟಿಕಾಲಿನಲ್ಲಿ 4 ಸೆಕೆಂಡು ನಿಲ್ಲುತ್ತಿದ್ದವರು ಎರಡು ತಿಂಗಳಿಗೆ 18 ಸೆಕೆಂಡು ನಿಂತರು. ಕಣ್ಣು ಮುಚ್ಚಿ, ಪಾದ ಜೋಡಿಸಿ ಪೂರ್ತಿ 30 ಸೆಕೆಂಡು ನಿಲ್ಲಬಲ್ಲರು, ಬೆರಳುಗಳು ಈಗ ಸಡಿಲವಾಗಿಯೇ ಇರುತ್ತವೆ. ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಲ್ಲುವುದು ಇನ್ನೂ ಕೈಗೂಡಿಲ್ಲ. ಆದ್ದರಿಂದ ಸೋಪು ಹಚ್ಚುವಾಗ ಒಂದು ಕೈ ಗೋಡೆಯ ಮೇಲೇ ಇರಲಿ ಎಂದಿದ್ದೇನೆ.