ಇಂಟೆಲ್ ಕೆಟ್ಟರೆ ಕರೆಂಟಿನ ತಪ್ಪು, ಎಎಂಡಿ ಕೆಟ್ಟರೆ ಎಎಂಡಿ ತಪ್ಪು

"ಇಂಟೆಲ್ ಹಾಕಿ, ಎಎಂಡಿ ಬಿಸಿ ಆಗ್ತದೆ." ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಶುರು ಮಾಡಿದಾಗಿನಿಂದ ಈ ಮಾತು ಕೇಳುತ್ತಿದ್ದೇನೆ. ಎರಡೂ ಕಂಪ್ಯೂಟರಿನ ಮೆದುಳಾದ ಪ್ರೊಸೆಸರ್ ಮಾಡುವ ಕಂಪನಿಗಳು. ಹೇಳುವ ಬಹುಪಾಲು ಜನ ಎಎಂಡಿ ಬಳಸಿಯೇ ಇರುವುದಿಲ್ಲ. ನಿಜ ಏನು ಅಂತ ನೋಡೋಣ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ಕೆಟ್ಟು ಬಂದ ಮಷೀನುಗಳನ್ನಷ್ಟೇ ಅಲ್ಲ, ಸುಮ್ನೆ ಧೂಳು ತೆಗೆಸಲು, ವಿಂಡೋಸ್ ಹಾಕಿಸಲು ಬಂದವನ್ನೂ, ನಾನೇ ಜೋಡಿಸಿ ಕೊಟ್ಟವನ್ನೂ ಬರೆದೆ. ಕೆಟ್ಟದ್ದನ್ನು ಮಾತ್ರ ಬರೆದರೆ ಜಾಸ್ತಿ ಮಾರಾಟವಾದದ್ದೇ ಜಾಸ್ತಿ ಕೆಟ್ಟಂತೆ ಕಾಣುತ್ತದೆ, ಅಲ್ವಾ?

ಗಿರಾಕಿ ಹೇಳಿದ ಕಾರಣ ಒಂದು ಕಡೆ, ಬಿಚ್ಚಿದಾಗ ಸಿಕ್ಕ ಕಾರಣ ಇನ್ನೊಂದು ಕಡೆ. ಮಜಾ ಇದ್ದದ್ದು ಇಲ್ಲೇ. ಇಂಟೆಲ್ ಮಷೀನು ಆಫ್ ಆದರೆ "ಕರೆಂಟೇ ಸರಿ ಇಲ್ಲ ಮಾರಾಯ್ರೆ, ನಿನ್ನೆ ಗುಡುಗು ಬೇರೆ". ಎಎಂಡಿ ಆಫ್ ಆದರೆ "ನಾನು ಮೊದಲೇ ಹೇಳಿದ್ದೆ". ಬಿಚ್ಚಿದರೆ ಎರಡರಲ್ಲೂ ಒಂದೇ ಕಥೆ: ಸಿಡಿಲಿಗೆ ಹೋದ ಪವರ್ ಸಪ್ಲೈ, ಉಬ್ಬಿದ ಕೆಪಾಸಿಟರ್, ಪ್ರೊಸೆಸರಿನ ಬಿಸಿ ದಾಟಿಸಲು ಹಚ್ಚುವ, ಈಗ ಒಣಗಿದ ಥರ್ಮಲ್ ಪೇಸ್ಟ್. ಕಾರವಾರ, ಅಂಕೋಲಾ ಕಡೆಯದಾದರೆ ಉಪ್ಪುಗಾಳಿಗೆ ಹಸಿರುಗಟ್ಟಿದ ಕನೆಕ್ಟರ್. ಪ್ರೊಸೆಸರೇ ಸತ್ತದ್ದು ತೀರಾ ಅಪರೂಪ.

ಬಿಸಿಯ ಮಾತಿಗೆ ಬುಡವೇ ಇಲ್ಲ ಅಂತಲ್ಲ. 2000ದ ಆಸುಪಾಸಿನ ಎಎಂಡಿ ಅಥ್ಲಾನ್ ಪ್ರೊಸೆಸರಿನ ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ತುಂಡು) ಕಳಚಿದರೆ ಅದು ಸುಟ್ಟೇ ಹೋಗುತ್ತಿತ್ತು, ಇಂಟೆಲ್‌ನ ಪೆಂಟಿಯಂ 4 ತಾನೇ ನಿಧಾನವಾಗಿ ಬದುಕಿಕೊಳ್ಳುತ್ತಿತ್ತು. ಆದರೆ 2004ರಲ್ಲಿ ಬಂದ ಪ್ರೆಸ್ಕಾಟ್ ಪೆಂಟಿಯಂ 4 ಕೂಡ ಬಿಸಿಗೇ ಹೆಸರಾಗಿತ್ತು, ಅದನ್ನು ನೆನಪಿಟ್ಟವರು ಎಷ್ಟು ಜನ? 1994ರಲ್ಲಿ ಪೆಂಟಿಯಂ ಕೆಲವು ಭಾಗಾಕಾರ ತಪ್ಪು ಮಾಡುತ್ತದೆ ಅಂತ ಬಯಲಾಗಿ, ಇಂಟೆಲ್ ಅದಕ್ಕಾಗಿ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆದರೂ ನಂಬಿಕೆ ಹೋಗಲಿಲ್ಲ. ಯಾಕೆಂದರೆ ಬ್ಯಾಂಕು, ಶಾಲೆ, ಪಕ್ಕದ ಮನೆ ಎಲ್ಲ ಕಡೆ ಇಂಟೆಲ್ ಓಡುತ್ತಿರುವುದು ಕಣ್ಣಿಗೆ ಕಾಣುತ್ತದೆ, ಒಂದು ಕೆಟ್ಟರೆ ಅದೊಂದು ಕೆಟ್ಟಿತು ಅಷ್ಟೇ. ಊರಿಗೊಂದೇ ಎಎಂಡಿ ಇದ್ದು ಅದು ಕೆಟ್ಟರೆ ಇಡೀ ಎಎಂಡಿಯೇ ಕೆಟ್ಟ ಹಾಗೆ.

2017ರಲ್ಲಿ ಎಎಂಡಿಯ ರೈಜನ್ ಪ್ರೊಸೆಸರ್ ಬಂತು. ಆಮೇಲೆ ನಿಧಾನಕ್ಕೆ ನನ್ನ ಟೇಬಲ್ಲಿಗೂ ಎಎಂಡಿ ಲ್ಯಾಪ್‌ಟಾಪ್‌ಗಳು ಜಾಸ್ತಿಯಾದವು. ಈಗ ಅದರ ಮಾಲೀಕರೂ ಕರೆಂಟಿಗೇ ಬೈಯುತ್ತಾರೆ! ಅತ್ತ 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ವೋಲ್ಟೇಜ್ ಜಾಸ್ತಿಯಾಗಿ ಹಾಳಾದವು, ಕಂಪನಿ ವಾರಂಟಿಯನ್ನೇ ಎರಡು ವರ್ಷ ಮುಂದೆ ಹಾಕಿತು. ಅಂಥದ್ದು ಬಂದರೆ, ವೋಲ್ಟೇಜ್ ಹತೋಟಿಗೆ ಬರಲಿ ಅಂತ ಮೊದಲು ಬಯೋಸ್ (ಮದರ್‌ಬೋರ್ಡಿನಲ್ಲೇ ಇದ್ದು ಮಷೀನು ಶುರು ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುತ್ತೇನೆ. ಆಗಲೇ ಹಾಳಾದದ್ದು ಅದರಿಂದ ಸರಿಯಾಗುವುದಿಲ್ಲ, ವಾರಂಟಿಗೇ ಕಳಿಸಬೇಕು. ಉಳಿದಂತೆ ಯಾವುದು ಕೊಳ್ಳಲಿ ಅಂತ ಬಂದವರಿಗೆ ನಾನು ಕೇಳುವುದು, ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ.